ನೇರ ಪ್ರಸಾರ ಯಾರಿಗಾಗಿ?

ದೇವರ ಸನ್ನಿಧಿಗೆ ನಡೆದು ಬರುವವನ ಭಕ್ತಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಬರಬೇಕೆಂಬ ಹಂಬಲವಿದ್ದೂ ಬರಲಾಗದವನ ಭಕ್ತಿ ಯಾರ ಕಣ್ಣಿಗೂ ಬೀಳುವುದಿಲ್ಲ. ಮೊಣಕಾಲು ಸೋತ ಹಿರಿಯರು, ಹಾಸಿಗೆ ಹಿಡಿದ ತಾಯಿ, ಅವಳ ಆರೈಕೆಗೆಂದು ಮನೆಯಲ್ಲೇ ಉಳಿದ ಸೊಸೆ, ಹೊಟ್ಟೆಪಾಡಿಗಾಗಿ ಪರದೇಶ ಸೇರಿದ ಮಗ, ಇವರೆಲ್ಲರ ಮನಸ್ಸು ಸಭೆಯಲ್ಲಿಯೇ ಇರುತ್ತದೆ. ದೇಹ ಮಾತ್ರ ಬೇರೆಡೆ ಇರುತ್ತದೆ. ಇಂಥವರ ಕಿವಿಗೆ ನಾಲ್ಕು ಒಳ್ಳೆಯ ಮಾತುಗಳನ್ನು ಮುಟ್ಟಿಸುವುದು ಪುಣ್ಯದ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ.

ಇಂದು ಚರ್ಚು, ಮಠ, ಮಂದಿರ ಮತ್ತು ಊರಿನ ಸಣ್ಣ ಸಮುದಾಯ ಭವನಗಳಲ್ಲಿ ಕೂಡ ಎರಡು ಮೂರು ಕ್ಯಾಮೆರಾಗಳನ್ನು ನಿಲ್ಲಿಸಿ, ಅಂತರ್ಜಾಲದ ಮೂಲಕ ಕಾರ್ಯಕ್ರಮವನ್ನು ನೇರವಾಗಿ ಮನೆಮನೆಗೆ ತಲುಪಿಸುವ ಪದ್ಧತಿ ಬೆಳೆದಿದೆ. ಇದು ಸ್ವಾಗತಾರ್ಹ. ಆದರೆ ಎಷ್ಟು ಕ್ಯಾಮೆರಾ ಬೇಕು, ಯಾವ ಕಂಪನಿಯದು ಬೇಕು ಎಂದು ಕೇಳುವ ಮೊದಲು ಸಮಿತಿಯವರು ತಮ್ಮನ್ನೇ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆಯಿದೆ. ಈ ಪ್ರಸಾರ ಯಾರಿಗಾಗಿ? ಬರಲಾಗದ ಭಕ್ತನಿಗಾಗಿಯೋ, ನಮ್ಮ ವೈಭವವನ್ನು ನಾಲ್ಕು ಜನಕ್ಕೆ ತೋರಿಸಿಕೊಳ್ಳುವುದಕ್ಕಾಗಿಯೋ? ಈ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ಮುಂದಿನ ಎಲ್ಲ ವ್ಯವಸ್ಥೆಯೂ ನಿಂತಿರುತ್ತದೆ.

ಈ ದಾರಿಯಲ್ಲಿ ಕ್ರೈಸ್ತ ಬಂಧುಗಳ ಅನುಭವ ಬಹಳ ಹಳೆಯದು. ಒಳ್ಳೆಯದು ಎಲ್ಲಿಂದ ಬಂದರೂ ಸ್ವೀಕರಿಸುವುದು ಸಜ್ಜನರ ಲಕ್ಷಣ. ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕ್ಯಾಲ್ವರಿ ಎಪಿಸ್ಕೋಪಲ್ ಚರ್ಚಿನಿಂದ 1921ರ ಜನವರಿ 2ರಂದು ಕೆಡಿಕೆಎ ಎಂಬ ರೇಡಿಯೊ ಕೇಂದ್ರವು ಸಂಜೆಯ ಪ್ರಾರ್ಥನೆಯನ್ನು ನೇರವಾಗಿ ಬಿತ್ತರಿಸಿತು. ರೇಡಿಯೊ ಮೂಲಕ ಆರಾಧನೆಯೊಂದು ಪ್ರಸಾರವಾದದ್ದು ಅದೇ ಮೊದಲೆಂದು ಹೇಳುತ್ತಾರೆ. ಅಂದು ಯಂತ್ರಗಳನ್ನು ನೋಡಿಕೊಳ್ಳಲು ಬಂದ ಇಬ್ಬರು ತಂತ್ರಜ್ಞರಲ್ಲಿ ಒಬ್ಬರು ಯಹೂದಿ, ಇನ್ನೊಬ್ಬರು ಕ್ಯಾಥೊಲಿಕ್. ಇಬ್ಬರೂ ಆ ಚರ್ಚಿನ ಪಂಥದವರಲ್ಲ. ಆದರೂ ಪ್ರಾರ್ಥನೆಗೆ ಕುಳಿತವರ ಮನಸ್ಸು ಕದಲಬಾರದೆಂದು ಅವರಿಗೆ ಗಾಯಕವೃಂದದ ನಿಲುವಂಗಿಯನ್ನೇ ತೊಡಿಸಿದ್ದರಂತೆ. ಎಂಥ ವಿವೇಕ ನೋಡಿರಿ! ಮಾತನ್ನು ಹೊತ್ತೊಯ್ಯುವವರು ತಾವು ಮಾತ್ರ ಕಣ್ಣಿಗೆ ಬೀಳದಂತೆ ನಿಂತರು. ಸೇವಕನ ಗುಣ ಇದೇ ಅಲ್ಲವೇ?

ಇನ್ನೊಂದು ದೃಷ್ಟಾಂತ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ 1953ರ ಜೂನ್ 2ರಂದು ರಾಣಿ ಎರಡನೆಯ ಎಲಿಜಬೆತ್ ಅವರ ಪಟ್ಟಾಭಿಷೇಕ ನಡೆಯಿತು. ಪವಿತ್ರ ವಿಧಿಯೊಂದನ್ನು ಟೆಲಿವಿಷನ್ನಿನಲ್ಲಿ ತೋರಿಸಬಹುದೇ ಎಂಬ ಬಗ್ಗೆ ಮೊದಲು ಸಾಕಷ್ಟು ವಿರೋಧವಿತ್ತು. ಕೊನೆಗೆ ಒಪ್ಪಿಗೆ ದೊರೆತು, ಕೋಟ್ಯಂತರ ಜನ ಮನೆಯಲ್ಲೇ ಕುಳಿತು ನೋಡಿದರು. ಆದರೆ ಪವಿತ್ರ ತೈಲವನ್ನು ಲೇಪಿಸುವ ಗಳಿಗೆಯಲ್ಲಿ ಕ್ಯಾಮೆರಾಗಳು ಮುಖ ತಿರುಗಿಸಿದವು. ಎಪ್ಪತ್ತು ವರ್ಷಗಳ ನಂತರ, 2023ರ ಮೇ 6ರಂದು ಮೂರನೆಯ ಚಾರ್ಲ್ಸ್ ಅವರ ಪಟ್ಟಾಭಿಷೇಕದಲ್ಲಿಯೂ ಆ ಗಳಿಗೆಗೆ ಪರದೆ ಹಿಡಿದರು. ಜಗತ್ತನ್ನೆಲ್ಲ ತೋರಿಸಬಲ್ಲ ಯಂತ್ರಗಳು ಬಂದಿದ್ದರೂ, ತೋರಿಸಬಾರದ್ದು ಒಂದಿದೆ ಎಂಬ ಅರಿವು ಅಲ್ಲಿ ಉಳಿದಿತ್ತು. ದೇವರು ಮನುಷ್ಯನ ಕಣ್ಣಿಗೆ ರೆಪ್ಪೆ ಕೊಟ್ಟಿದ್ದಾನೆ. ಕ್ಯಾಮೆರಾದ ಕಣ್ಣಿಗೆ ರೆಪ್ಪೆಯನ್ನು ನಾವೇ ಕೊಡಬೇಕು.

2020ರಲ್ಲಿ ಕೊರೊನಾ ಮಹಾಮಾರಿ ಬಂದಾಗ ಜಗತ್ತಿನ ಪ್ರಾರ್ಥನಾಲಯಗಳ ಬಾಗಿಲುಗಳು ಮುಚ್ಚಿದವು. ಪೋಪ್ ಫ್ರಾನ್ಸಿಸ್ ಅವರು ಮಾರ್ಚ್ 9ರಿಂದ ಮೇ 18ರವರೆಗೆ ತಮ್ಮ ಬೆಳಗಿನ ಪೂಜೆಯನ್ನು ದಿನವೂ ನೇರ ಪ್ರಸಾರ ಮಾಡಿಸಿದರು. ಇಂಗ್ಲೆಂಡಿನಲ್ಲಿ ಅಂದಿನ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಅವರು ಈಸ್ಟರ್ ಹಬ್ಬದ ಆರಾಧನೆಯನ್ನು ತಮ್ಮ ನಿವಾಸದ ಅಡುಗೆಮನೆಯಿಂದಲೇ ನಡೆಸಿಕೊಟ್ಟರು. ಹಳ್ಳಿಯ ಪುಟ್ಟ ಚರ್ಚುಗಳ ಪಾದ್ರಿಗಳು ಮೊಬೈಲನ್ನು ಪುಸ್ತಕಗಳಿಗೆ ಒರಗಿಸಿ ಪ್ರಾರ್ಥನೆ ಹೇಳಿದರು. ನಮ್ಮ ನಾಡಿನ ಚರ್ಚುಗಳೂ ಮಠಗಳೂ ಅದೇ ಹಾದಿ ಹಿಡಿದವು. ಅಂದು ಅನಿವಾರ್ಯವಾಗಿದ್ದದ್ದು ಇಂದು ರೂಢಿಯಾಗಿ ನಿಂತಿದೆ.

ಆದರೆ ಆ ಚರ್ಚಿನ ಹಿರಿಯರೇ ಇದರ ಮಿತಿಯನ್ನೂ ಹೇಳಿದ್ದಾರೆಂಬುದು ಗಮನಾರ್ಹ. ಅಂತರ್ಜಾಲದಲ್ಲಿ ಸಂಸ್ಕಾರಗಳು ನಡೆಯಲಾರವು ಎಂದು ವ್ಯಾಟಿಕನ್ 2002ರಲ್ಲಿಯೇ ತನ್ನ ದಾಖಲೆಯೊಂದರಲ್ಲಿ ಸ್ಪಷ್ಟಪಡಿಸಿತ್ತು. ದಿನವೂ ಪ್ರಸಾರ ಮಾಡಿಸುತ್ತಿದ್ದ ಪೋಪ್ ಫ್ರಾನ್ಸಿಸ್ ಅವರೇ 2020ರ ಏಪ್ರಿಲ್ 17ರಂದು, ಇದು ಕಷ್ಟಕಾಲದ ವ್ಯವಸ್ಥೆ, ಜನರು ಒಟ್ಟಾಗಿ ಸೇರುವುದೇ ನಿಜವಾದ ಸಭೆ ಎಂಬ ಅರ್ಥದ ಎಚ್ಚರಿಕೆ ನೀಡಿದರು. ಇಂಗ್ಲೆಂಡಿನ ಚರ್ಚು ಮತ್ತೊಂದು ಒಳ್ಳೆಯ ಕೆಲಸ ಮಾಡಿತು. ಅಂತರ್ಜಾಲವೇ ಇಲ್ಲದ ವೃದ್ಧರು ಏನು ಮಾಡಬೇಕು ಎಂದು ಯೋಚಿಸಿ, ಅದೇ ಏಪ್ರಿಲಿನಲ್ಲಿ ‘ಡೈಲಿ ಹೋಪ್’ ಎಂಬ ಉಚಿತ ದೂರವಾಣಿ ಸೇವೆಯನ್ನು ಆರಂಭಿಸಿತು. ಸಾಮಾನ್ಯ ಫೋನಿನಿಂದ ಕರೆ ಮಾಡಿದರೆ ಹಗಲಿರುಳೂ ಪ್ರಾರ್ಥನೆ, ಕೀರ್ತನೆಗಳನ್ನು ಕೇಳಬಹುದಾಗಿತ್ತು. ಅಲ್ಲಿ ಕ್ಯಾಮೆರಾ ಒಂದೂ ಇರಲಿಲ್ಲ. ಆದರೆ ಯಾರಿಗಾಗಿ ಎಂಬ ಪ್ರಶ್ನೆಗೆ ಉತ್ತರ ಇತ್ತು.

ಈ ಉತ್ತರವನ್ನು ಕೈಯಲ್ಲಿ ಹಿಡಿದು ಈಗ ವ್ಯವಸ್ಥೆಯ ಕಡೆಗೆ ಬರೋಣ. ಮನೆಯಲ್ಲಿರುವ ಹಿರಿಯರಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಧ್ವನಿ. ಚಿತ್ರ ಸ್ವಲ್ಪ ಮಸುಕಾದರೂ ಸಹಿಸಬಹುದು. ಮಾತು ಕೇಳದಿದ್ದರೆ ಎಲ್ಲವೂ ವ್ಯರ್ಥ. ಅನೇಕ ಕಡೆ ಕ್ಯಾಮೆರಾಕ್ಕೆ ಲಕ್ಷಾಂತರ ರೂಪಾಯಿ ಸುರಿದು, ಧ್ವನಿಯನ್ನು ಮಾತ್ರ ಕ್ಯಾಮೆರಾದೊಳಗಿನ ಪುಟ್ಟ ಮೈಕಿಗೆ ಬಿಡುತ್ತಾರೆ. ಆಗ ಫ್ಯಾನಿನ ಸದ್ದು, ಕೆಮ್ಮು, ಕುರ್ಚಿ ಎಳೆಯುವ ಶಬ್ದಗಳೇ ಮನೆ ತಲುಪುತ್ತವೆ. ವೇದಿಕೆಯ ಮೈಕಿನ ಧ್ವನಿಯನ್ನು ಮಿಕ್ಸರ್‌ನಿಂದ ಪ್ರತ್ಯೇಕ ತಂತಿಯಲ್ಲಿ ಪ್ರಸಾರಕ್ಕೆ ಕೊಡಬೇಕು. ಸಭೆಯವರು ಒಟ್ಟಾಗಿ ಹಾಡುವುದೂ ಕೇಳಬೇಕೆಂದರೆ ಅವರ ಕಡೆಗೆ ಇನ್ನೊಂದು ಮೈಕು ಇರಲಿ. ಕ್ಯಾಮೆರಾದ ಚಿತ್ರ ಸಿದ್ಧವಾಗಿ ಬರುವಷ್ಟರಲ್ಲಿ ಧ್ವನಿ ಮುಂದೆ ಓಡಿರುತ್ತದೆ; ತುಟಿ ಒಂದಾಡಿದರೆ ಕಿವಿಗೆ ಇನ್ನೊಂದು ಕೇಳುತ್ತದೆ. ಧ್ವನಿಯನ್ನು ಕ್ಷಣದ ಒಂದು ಪಾಲು ತಡೆಹಿಡಿದು ಸರಿಹೊಂದಿಸುವ ಅನುಕೂಲ ಯಂತ್ರದಲ್ಲಿಯೇ ಇರುತ್ತದೆ. ಅದನ್ನು ಹಿಂದಿನ ದಿನವೇ ಸರಿಮಾಡಿಕೊಳ್ಳಬೇಕು.

ಇನ್ನು ಕ್ಯಾಮೆರಾ. ಸಣ್ಣ ಸ್ಥಳಕ್ಕೆ ಎರಡು ಸಾಕು, ಮೂರು ಇದ್ದರೆ ಧಾರಾಳ. ಒಂದು, ಹಿಂಬದಿಯಿಂದ ಇಡೀ ಸಭೆಯನ್ನೂ ವೇದಿಕೆಯನ್ನೂ ತೋರಿಸುವುದು. ಮನೆಯಲ್ಲಿರುವವರಿಗೆ ತಾವೂ ಜನರ ನಡುವೆ ಕುಳಿತಂತೆ ಅನಿಸುವುದು ಇದರಿಂದಲೇ. ಎರಡನೆಯದು, ಸ್ವಲ್ಪ ಪಕ್ಕದಿಂದ, ಮಾತನಾಡುವವರ ಕಣ್ಣಿನ ಎತ್ತರದಲ್ಲಿ, ಅವರ ಮುಖವನ್ನು ಸ್ಪಷ್ಟವಾಗಿ ತೋರಿಸುವುದು. ಕಿವಿ ಮಂದವಾದವರು ತುಟಿ ನೋಡಿ ಮಾತು ಗ್ರಹಿಸುತ್ತಾರೆಂಬುದನ್ನು ಮರೆಯಬಾರದು. ಮೂರನೆಯದು ಹಾಡುವವರಿಗೆ ಅಥವಾ ಪೂಜೆಯ ಸ್ಥಾನಕ್ಕೆ. ಈ ಚಿತ್ರಗಳಲ್ಲಿ ಒಂದನ್ನು ಆರಿಸಿ ಕಳುಹಿಸುವ ಯಂತ್ರಕ್ಕೆ ಸ್ವಿಚರ್ ಎನ್ನುತ್ತಾರೆ. 2019ರಲ್ಲಿ ಬ್ಲ್ಯಾಕ್‌ಮ್ಯಾಜಿಕ್ ಕಂಪನಿಯ ಎಟಿಇಎಂ ಮಿನಿ ಬಂದ ಮೇಲೆ ನಾಲ್ಕು ಕ್ಯಾಮೆರಾಗಳನ್ನು ಜೋಡಿಸುವ ಯಂತ್ರ ಸಣ್ಣ ಸಂಸ್ಥೆಗಳ ಕೈಗೂ ಎಟುಕಿತು. ಕಂಪ್ಯೂಟರಿನಲ್ಲಿ ಇದೇ ಕೆಲಸ ಮಾಡುವ ಓಬಿಎಸ್ ಎಂಬ ತಂತ್ರಾಂಶ ಉಚಿತವಾಗಿಯೇ ದೊರೆಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಲೇಸು.

ತಂತಿಯ ವಿಷಯದಲ್ಲಿ ಎಚ್ಚರ ಬೇಕು. ಸಾಮಾನ್ಯ ಎಚ್‌ಡಿಎಂಐ ಕೇಬಲ್ 10–15 ಮೀಟರ್ ದಾಟಿದರೆ ನಂಬಲಾಗದು. ಭವನ ದೊಡ್ಡದಿದ್ದರೆ 80–100 ಮೀಟರ್ ದೂರವನ್ನೂ ನಿಭಾಯಿಸುವ ಎಸ್‌ಡಿಐ ಕೇಬಲ್ ಬೇಕಾಗುತ್ತದೆ. ಅದನ್ನು ಜನರು ನಡೆಯುವ ದಾರಿಗೆ ಅಡ್ಡಲಾಗಿ ಎಳೆಯಬಾರದು. ವೃದ್ಧರೊಬ್ಬರು ಎಡವಿ ಬಿದ್ದರೆ ಆ ಪ್ರಸಾರಕ್ಕೆ ಅರ್ಥವೇನು? ಕಿಟಕಿಗೆ ಬೆನ್ನು ಮಾಡಿ ಉಪನ್ಯಾಸಕರನ್ನು ನಿಲ್ಲಿಸಿದರೆ ಮುಖ ಕಪ್ಪಾಗುತ್ತದೆ. ಬೆಳಕು ಎದುರಿನಿಂದ ಬೀಳಲಿ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಕ್ಯಾಮೆರಾದ ಷಟರನ್ನು ಸೆಕೆಂಡಿನ 50ನೆಯ ಒಂದು ಭಾಗಕ್ಕೆ ಇಟ್ಟರೆ ಟ್ಯೂಬ್‌ಲೈಟಿನ ಮಿನುಗು ಚಿತ್ರದಲ್ಲಿ ಕಾಣುವುದಿಲ್ಲ. ಸ್ಪಷ್ಟ ಚಿತ್ರ ಕಳುಹಿಸಲು ಸೆಕೆಂಡಿಗೆ 5–6 ಮೆಗಾಬಿಟ್ ವೇಗ ಬೇಕು. ಅದರ ಎರಡು ಪಟ್ಟು ಇದ್ದರೆ ನಿಶ್ಚಿಂತೆ. ಇದು ನಮ್ಮಿಂದ ಹೊರಕ್ಕೆ ಹೋಗುವ ವೇಗ ಎಂಬುದನ್ನು ನೆನಪಿಡಬೇಕು. ಹಳ್ಳಿಗಳಲ್ಲಿ ಕರೆಂಟು ಹೋಗುವುದು ಹೊಸತಲ್ಲ. ಕ್ಯಾಮೆರಾ, ಕಂಪ್ಯೂಟರುಗಳ ಜೊತೆಗೆ ಇಂಟರ್‌ನೆಟ್ಟಿನ ಪೆಟ್ಟಿಗೆಗೂ ಯುಪಿಎಸ್ ಇರಲಿ. ಯೂಟ್ಯೂಬಿನಲ್ಲಿ ಮೊದಲ ಬಾರಿ ನೇರ ಪ್ರಸಾರಕ್ಕೆ ಅನುಮತಿ ದೊರೆಯಲು 24 ಗಂಟೆಗಳವರೆಗೆ ಕಾಯಬೇಕಾಗಬಹುದು. ಜಾತ್ರೆಯ ಬೆಳಿಗ್ಗೆ ಈ ಕೆಲಸಕ್ಕೆ ಕುಳಿತರೆ ಬಾಯಾರಿದಾಗ ಬಾವಿ ತೋಡಿದಂತಾದೀತು.

ಯಂತ್ರಕ್ಕಿಂತ ಮುಖ್ಯವಾದವರು ಅದರ ಹಿಂದೆ ಕೂರುವವರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಒಬ್ಬೊಬ್ಬರು ಒಂದೊಂದು ಕಡೆ ಕ್ಯಾಮೆರಾ ತಿರುಗಿಸಬಾರದು. ಒಬ್ಬರ ಮಾತಿಗೆ ಉಳಿದವರು ನಡೆಯಬೇಕು. ಕ್ಷಣಕ್ಕೊಮ್ಮೆ ಚಿತ್ರ ಬದಲಿಸುತ್ತಿದ್ದರೆ ವೃದ್ಧರ ಕಣ್ಣಿಗೂ ದಣಿವು, ಮನಸ್ಸಿಗೂ ಚಂಚಲ. ಪ್ರಾರ್ಥನೆಗೆ ತಾಳ್ಮೆಯ ಕಣ್ಣು ಬೇಕು. ಊರಿನ ಹೆಣ್ಣುಮಕ್ಕಳು, ಗಂಡುಮಕ್ಕಳು ಈ ಕೆಲಸವನ್ನು ಬೇಗ ಕಲಿಯುತ್ತಾರೆ. ಮೊಬೈಲಿನಲ್ಲಿ ಮುಳುಗಿರುವ ಮಕ್ಕಳೆಂದು ದೂರುವ ಬದಲು ಅವರಿಗೆ ಈ ಕಾಯಕವನ್ನು ಒಪ್ಪಿಸಿ ನೋಡಿರಿ.

ಇಲ್ಲಿ ಒಂದು ಮಾತನ್ನು ಖಂಡಿತವಾಗಿ ಹೇಳಬೇಕಾಗಿದೆ. ದುಃಖ ತಾಳಲಾರದೆ ದೇವರ ಮುಂದೆ ಕಣ್ಣೀರಿಡುವ ತಾಯಿಯ ಮುಖಕ್ಕೆ ಕ್ಯಾಮೆರಾ ಹಿಡಿಯುವುದು ಸಲ್ಲದು. ಅವಳು ಬಂದದ್ದು ದೇವರೆದುರು ಅಳಲು. ಊರೆದುರು ಅಳಲು ಅಲ್ಲ. ತಂದೆತಾಯಿಯರ ಒಪ್ಪಿಗೆಯಿಲ್ಲದೆ ಮಕ್ಕಳ ಮುಖ ತೋರಿಸುವುದೂ ಸಲ್ಲದು. ಚಿತ್ರೀಕರಣ ನಡೆಯುತ್ತಿದೆ ಎಂದು ಬಾಗಿಲಲ್ಲೇ ಫಲಕ ಹಾಕಬೇಕು. ಕ್ಯಾಮೆರಾಕ್ಕೆ ಸಿಗದಂತೆ ಕುಳಿತುಕೊಳ್ಳಲು ಒಂದು ಬದಿಯ ಸಾಲುಗಳನ್ನು ಬಿಡಬೇಕು. ಪಾದಪೂಜೆ, ದೀಕ್ಷೆ, ಅಂತ್ಯಸಂಸ್ಕಾರಗಳಂಥ ಸಂದರ್ಭಗಳಲ್ಲಿ ಏನನ್ನು ತೋರಿಸಬೇಕು, ಎಲ್ಲಿ ರೆಪ್ಪೆ ಮುಚ್ಚಬೇಕು ಎಂದು ಹಿರಿಯರು ಮೊದಲೇ ಕುಳಿತು ತೀರ್ಮಾನಿಸಬೇಕು. ಸ್ವಿಚರ್ ಮುಂದೆ ಕುಳಿತ ಹುಡುಗನ ವಿವೇಕಕ್ಕೆ ಅಷ್ಟು ದೊಡ್ಡ ಭಾರ ಹೊರಿಸಬಾರದು.

ಕೊನೆಯದಾಗಿ, ಎಷ್ಟು ಸಾವಿರ ಜನ ನೋಡಿದರು ಎಂಬ ಲೆಕ್ಕ. ಈ ಲೆಕ್ಕದ ಮೋಹ ದೊಡ್ಡದು. ಅದು ಹಿಡಿದರೆ ಪ್ರವಚನವು ಚಪ್ಪಾಳೆಯ ಕಡೆ ವಾಲುತ್ತದೆ, ಪೂಜೆಯು ನಾಟಕದ ಕಡೆ ವಾಲುತ್ತದೆ. ಇದರ ಜೊತೆಗೆ ಇನ್ನೊಂದು ಅಪಾಯವಿದೆ. ಬರಲು ಶಕ್ತಿಯಿದ್ದವರೂ ಮನೆಯಲ್ಲೇ ನೋಡಿದರಾಯಿತೆಂದು ಕುಳಿತುಬಿಡುತ್ತಾರೆ. ಮೊದಲು ಅಜ್ಜನನ್ನು ಗಾಡಿಯಲ್ಲಿ ಕೂರಿಸಿಕೊಂಡು ಕರೆತರುತ್ತಿದ್ದ ಮೊಮ್ಮಗ, ಈಗ ಅಜ್ಜನ ಮುಂದೆ ಮೊಬೈಲಿಟ್ಟು ಹೊರಟುಹೋಗುತ್ತಾನೆ. ಬರಲಾಗದವನಿಗೆ ಬಾಗಿಲಾಗಬೇಕಿದ್ದ ಯಂತ್ರ, ಬರಬಲ್ಲವನಿಗೆ ಗೋಡೆಯಾಯಿತು. ತೆರೆಯ ಮೇಲೆ ದಾಸೋಹದ ಪಂಕ್ತಿಯನ್ನು ನೋಡಬಹುದು, ಹಸಿವು ಹಿಂಗದು. ನೂರು ಮುಖಗಳನ್ನು ನೋಡಬಹುದು, ಹೇಗಿದ್ದೀರಿ ಯಜಮಾನರೇ ಎಂದು ಕೈಹಿಡಿದು ಕೇಳುವವರು ಯಾರೂ ಇರುವುದಿಲ್ಲ.

ಆದ್ದರಿಂದ ಕ್ಯಾಮೆರಾ ಕೊಳ್ಳುವ ಪ್ರತಿಯೊಂದು ಸಂಸ್ಥೆಯೂ ಅದರ ಜೊತೆಗೆ ಒಂದು ಪುಸ್ತಕವನ್ನೂ ಕೊಳ್ಳಲಿ. ಊರಿನಲ್ಲಿ ಬರಲಾಗದವರು ಯಾರು ಯಾರು ಎಂದು ಅದರಲ್ಲಿ ಬರೆಯಲಿ. ನೇರ ಪ್ರಸಾರ ಮುಗಿದ ಮೇಲೆ ಅವರಲ್ಲಿ ಕೆಲವರಿಗಾದರೂ ಫೋನು ಮಾಡಿ, ಮಾತು ಕೇಳಿಸಿತೇ ಎಂದು ವಿಚಾರಿಸಲಿ. ದೊಡ್ಡ ಮೊಬೈಲು ಇಲ್ಲದವರ ಮನೆಗೆ ಯುವಕರು ತಾವೇ ಹೋಗಿ ತೋರಿಸಲಿ. ಕೈಯಲ್ಲಿ ಒಂದಿಷ್ಟು ಪ್ರಸಾದವನ್ನೂ ಒಯ್ಯಲಿ. ಆಗ ಯಂತ್ರ ಮುಗಿಸಿದ ಕಡೆಯಿಂದ ಮನುಷ್ಯನ ಸೇವೆ ಆರಂಭವಾಗುತ್ತದೆ.

ಕ್ಯಾಮೆರಾ ಒಂದಿರಲಿ, ನಾಲ್ಕಿರಲಿ, ಅದು ಹಾಸಿಗೆ ಹಿಡಿದ ಒಬ್ಬ ತಾಯಿಗೆ ಇಂದು ನಾನೂ ಸಭೆಗೆ ಹೋಗಿ ಬಂದೆ ಎಂಬ ಸಮಾಧಾನ ಕೊಟ್ಟರೆ ಖರ್ಚು ಸಾರ್ಥಕ. ಸರ್ವರಿಗೂ ಭಗವಂತನು ಅಂಥ ಸದ್ಬುದ್ಧಿಯನ್ನು ಕರುಣಿಸಲಿ.