ಮಗುವಿನ ಬೆಳಗನ್ನು ಮಾರಬೇಡಿ

ಹಡಗಲಿ ಸೀಮೆಯ ಮಲ್ಲಿಗೆಯನ್ನು ಮೊಗ್ಗಿದ್ದಾಗಲೇ, ಬೆಳಗಿನಲ್ಲೇ ಬಿಡಿಸಬೇಕು. ಹೂವಿಗೋ ಅಂಗಡಿ ಕಾಯಲಿಕ್ಕೋ ಮಗುವನ್ನು ಒಂದು ತಾಸು ನಿಲ್ಲಿಸಿಕೊಂಡರೇನು ಎನ್ನುವವರು ಹೊಳಲಿನಂಥ ಊರುಗಳಲ್ಲಿ ಉಂಟು. ಆ ತಾಸಿನಲ್ಲಿ ಒತ್ತಕ್ಷರದ ಪಾಠ ತಪ್ಪುತ್ತದೆ. ಮರುದಿನದ ಪಾಠ ತಲೆಗೆ ಹತ್ತುವುದಿಲ್ಲ. ಕಡೆಗೆ ಮಗು ತಾನೇ ಶಾಲೆ ಬಿಡುತ್ತದೆ.

6ರಿಂದ 14 ವರ್ಷದವರಿಗೆ ಶಿಕ್ಷಣದ ಹಕ್ಕು ಕೊಟ್ಟ ಕಾನೂನು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 2016ರ ಬಾಲಕಾರ್ಮಿಕ ಕಾನೂನಿನ ತಿದ್ದುಪಡಿಯಂತೆ, ಮನೆಯ ಕಸುಬಿಗೂ ಮಕ್ಕಳ ನೆರವು ಶಾಲೆ ಬಿಟ್ಟ ಮೇಲೆ ಇಲ್ಲವೆ ರಜೆಯಲ್ಲಿ ಮಾತ್ರ.

ಸಾಹುಕಾರನ ಮಗ ತಪ್ಪಿದ ಪಾಠವನ್ನು ಮನೆಪಾಠದಿಂದ ತುಂಬಿಕೊಂಡಾನು. ಗಿರಣಿ ಕಾರ್ಮಿಕನ ಮಗುವಿಗೆ ಶಾಲೆಯ ಗಂಟೆಯೊಂದೇ ಗತಿ. ದುಡಿಮೆ ಹೊಟ್ಟೆಗೆ ಸಾಲದಿದ್ದರೆ ಕೂಲಿ ಹೆಚ್ಚಿಸಲು ಹೋರಾಡೋಣ, ಬಂಧುಗಳೇ. ಮಗುವಿನ ಬೆಳಗನ್ನು ಮಾರುವುದು ಬೇಡ.