ನೀ ತತ್ತಿಯೋ, ಬಾಳಿಹಣ್ಣೋ?

ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಶಾಲೆಯ ಕಟ್ಟೆಯ ಮೇಲೆ ಬಿಸಿಯೂಟದ ಗಂಟೆ ಕಾಯುತ್ತ ಕೂತಿದ್ದೆ. ಅಡುಗೆಯ ಅಕ್ಕ ಬೋಗುಣಿ ತುಂಬ ಬೆಂದ ತತ್ತಿ ಇಟ್ಟುಕೊಂಡು ಸಿಪ್ಪೆ ಬಿಡಿಸುತ್ತಿದ್ದರು. ಆಗ ಸರ್ಕಾರ ಒಂದು ಮೊಟ್ಟೆಗೆ ಲೆಕ್ಕ ಹಾಕಿದ್ದು 6 ರೂಪಾಯಿ. ಅದರಲ್ಲಿ ಬೇಯಿಸಲು 50 ಪೈಸೆ, ಸಾಗಿಸಲು 20, ಸುಲಿಯಲು 30. ಪಕ್ಕದ ಮೇಜಿನ ಮೇಲೆ ಮುಖ್ಯಗುರುಗಳ ಪುಸ್ತಕ. ಪ್ರತಿ ಮಗುವಿನ ಹೆಸರಿನ ಮುಂದೆ ಮೊಟ್ಟೆಗೆ ‘ಮೊ’ ಅಥವಾ ಬಾಳೆಹಣ್ಣಿಗೆ ‘ಬಾ’. ಆ ವಾರವಷ್ಟೇ ಸೇರಿದ್ದ ಹುಡುಗನ ಹತ್ತಿರ ಹೋಗಿ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ನೀ ತತ್ತಿಯೋ, ಬಾಳಿಹಣ್ಣೋ?”

ಊರು ಕೇಳಲಿಲ್ಲ, ಹೆಸರು ಕೇಳಲಿಲ್ಲ. ದೊಡ್ಡವರಾದರೆ “ನೀವು ಯಾವ ಪೈಕಿ”, “ಯಾವ ಮಠಕ್ಕೆ ನಡ್ಕೋತೀರಿ” ಅಂತ ಸುತ್ತು ಬಳಸಿ ಬರುತ್ತಾರೆ. ಬೆಂಗಳೂರಿನ ಮನೆ ಮಾಲೀಕರು ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಗೇಟಿಗೆ ಬೋರ್ಡು ತಗುಲಿಸಿ ಮುಗಿಸುತ್ತಾರೆ. ಆ ಹುಡುಗಿಗೆ ಇವೆಲ್ಲ ಇನ್ನೂ ಗೊತ್ತಿಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಯಾವುದೆಂದು ಶಾಲೆಯೇ ಅವಳಿಗೆ ಕಲಿಸಿಬಿಟ್ಟಿದೆ.

ಶಾಲೆಯ ಮೊಟ್ಟೆಯ ಈ ಜಗಳ ಜೋರಾದದ್ದು 2021ರ ಡಿಸೆಂಬರಿನಲ್ಲಿ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳ ಮಕ್ಕಳಿಗೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಲಿಂಗಾಯತ ಮಠಾಧೀಶರೂ ಜೈನ ಸಂಘಟನೆಗಳೂ ಎದ್ದು ನಿಂತವು. ನಿಲ್ಲಲಿ, ಅದು ಅವರ ಹಕ್ಕು. ಆದರೆ ಅವರು ಕೇಳಿದ್ದು ಏನನ್ನು ಅನ್ನುವುದನ್ನು ಗಮನಿಸಬೇಕು. ಒಲ್ಲದ ಮಗುವಿಗೆ ಬಾಳೆಹಣ್ಣು ಕೊಡಬೇಕೆಂದು ಮೊದಲ ದಿನದಿಂದಲೂ ಆದೇಶವಿತ್ತು. ಯಾವ ಮಗುವಿನ ಬಾಯಿಗೂ ಯಾರೂ ಮೊಟ್ಟೆ ತುರುಕಲಿಲ್ಲ. ಅಷ್ಟಾದರೂ ಬಂದ ಬೇಡಿಕೆ: ಶಾಲೆಯಲ್ಲಿ ಮೊಟ್ಟೆಯೇ ಬೇಡ, ಕೊಡುವುದಾದರೆ ಸಸ್ಯಾಹಾರಿ ಮಕ್ಕಳಿಗೆ ಬೇರೆ ಶಾಲೆ ತೆರೆಯಿರಿ.

‘ನಮ್ಮ ಹುಡುಗ ತಿನ್ನಬಾರದು’ ಎಂಬುದು ಆಹಾರದ ಮಾತು. ‘ನಮ್ಮ ಹುಡುಗನ ಪಕ್ಕ ಕೂತವನೂ ತಿನ್ನಬಾರದು’ ಎಂಬುದು ಪಂಕ್ತಿಯ ಮಾತು, ಮೈಲಿಗೆಯ ಮಾತು. ಮೈಲಿಗೆಯನ್ನು ಬಾಯಿಬಿಟ್ಟು ಆಡಿದರೆ ಕಾನೂನು ಬರುತ್ತದೆ. ‘ಸಾತ್ವಿಕ ಆಹಾರ’ ಅಂದರೆ ಬರುವುದಿಲ್ಲ. ಅದೇ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ, ಈ ಗದ್ದಲಕ್ಕೆ ಮೂರು ತಿಂಗಳ ಹಿಂದೆ, ಎರಡು ವರ್ಷದ ದಲಿತ ಮಗು ಹನುಮಂತನ ಗುಡಿಯೊಳಗೆ ಓಡಿತೆಂದು ಶುದ್ಧಿಗಾಗಿ ಅಪ್ಪನ ಹತ್ತಿರ 25 ಸಾವಿರ ರೂಪಾಯಿ ಕೇಳಿದ್ದರು. ಆ ಸಲ ಬೀದಿಗಿಳಿದ ಕಾವಿ ಎಷ್ಟಿತ್ತು?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ, ಶೇ 65.5ರಷ್ಟು ಮಂದಿಗೆ ರಕ್ತಹೀನತೆ. ಮೊಟ್ಟೆ ಕೊಟ್ಟ ಯಾದಗಿರಿಯ ಮಕ್ಕಳನ್ನೂ ಕೊಡದ ಗದಗದ ಮಕ್ಕಳನ್ನೂ ಹೋಲಿಸಿ ನೋಡಿದಾಗ ತಿಂದವರೇ ಚೆನ್ನಾಗಿ ಬೆಳೆದಿದ್ದರು. ಆಮೇಲೂ 2022ರಲ್ಲಿ ಶಿಕ್ಷಣ ನೀತಿಗೆಂದು ರಾಜ್ಯದಲ್ಲಿ ತಯಾರಾದ ಒಂದು ವರದಿ, ಮೊಟ್ಟೆ ಮಾಂಸದಿಂದ ಜೀವನಶೈಲಿಯ ಕಾಯಿಲೆ ಬರುತ್ತದೆ ಎಂದು ಗಾಬರಿಪಟ್ಟಿತು. ತೋಳು ಕಡ್ಡಿಯಂತಿರುವ ಮಕ್ಕಳಿಗೆ ಬೊಜ್ಜಿನ ಭಯ!

ನನಗೆ ಹೆಚ್ಚು ನೋವಾಗುವುದು ಬಿಸಿಯೂಟದ ಯೋಜನೆಯ ಹೆಸರು ನೆನೆದಾಗ. ಅಕ್ಷರ ದಾಸೋಹ. ‘ದಾಸೋಹ’ ಎಂಬ ಪದ ಕೊಟ್ಟದ್ದು ಕಲ್ಯಾಣದ ಶರಣರು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆ ಮಾಡಿಸಿ, ಅದಕ್ಕೆ ತಲೆ ತೆತ್ತ ಪರಂಪರೆ ಅದು. ನಮ್ಮ ಮಠಗಳು ಬಡ ಮಕ್ಕಳಿಗೆ ಅನ್ನ ಹಾಕಿ, ಮಲಗಲು ಜಾಗ ಕೊಟ್ಟು ಓದಿಸದಿದ್ದರೆ ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರ ಹುಟ್ಟುತ್ತಿರಲಿಲ್ಲ. ಆ ಋಣ ಗೊತ್ತಿರುವುದರಿಂದಲೇ ‘ಬೇರೆ ಶಾಲೆ’ ಎಂಬ ಮಾತು ಆ ಬಾಯಿಂದ ಬಂದದ್ದು ಸಹಿಸಲಾಗುವುದಿಲ್ಲ. ಮೊಟ್ಟೆಯ ಆ ಗದ್ದಲದ ಹೊತ್ತಿನಲ್ಲಿ ಗಂಗಾವತಿಯ ಒಬ್ಬ ಶಾಲಾ ಹುಡುಗಿ, ನಮಗೆ ಮೊಟ್ಟೆ ತಪ್ಪಿಸಿದರೆ ನಿಮ್ಮ ಮಠಕ್ಕೇ ಬಂದು ಕೂತು ತಿನ್ನುತ್ತೇವೆ ಎಂದು ಸವಾಲು ಹಾಕಿದ್ದಳು. ದಾಸೋಹದ ಅರ್ಥ ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

ಇದು ಬರೀ ಕಲ್ಯಾಣ ಕರ್ನಾಟಕದ ಕತೆಯೂ ಅಲ್ಲ. 2024ರ ಡಿಸೆಂಬರಿನ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟ ಬೇಕೆಂದು ಪಟ್ಟು ಹಿಡಿದ ಮಂಡ್ಯ ಜಿಲ್ಲೆಯದೇ ಆಲಕೆರೆಯಲ್ಲಿ, ಮರುವರ್ಷ, ಶಾಲೆಯ ಪಕ್ಕ ವೀರಭದ್ರೇಶ್ವರನ ಗುಡಿ ಇದೆ, ಇಲ್ಲಿ ಮೊಟ್ಟೆ ಬೇಯಿಸಬಾರದು ಎಂದು ಹಲವು ಪೋಷಕರು ಮಕ್ಕಳ ಟಿ.ಸಿ. ತೆಗೆದುಕೊಂಡು ಹೋದರು. ಅದೇ ಹೊತ್ತಿಗೆ ಚಾಮರಾಜನಗರದ ಹೊಮ್ಮ ಗ್ರಾಮದಲ್ಲೂ ಟಿ.ಸಿ.ಗಳು ಹೊರಬಿದ್ದವು. ದಲಿತ ಮಹಿಳೆ ಅಡುಗೆಗೆ ಬಂದದ್ದೇ ಕಾರಣ ಎಂದು ಸುದ್ದಿಯಾಯಿತು. ಪಾಠ ಸರಿಯಿಲ್ಲ ಅನ್ನುವ ಸಬೂಬೂ ಕೇಳಿಬಂತು. ಅಲ್ಲಿ ಮೊಟ್ಟೆಯ ತಂಟೆ ಇರಲಿಲ್ಲ. ಬೇಯಿಸಿದ ಕೈಯ ಮಾತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮೊಟ್ಟೆ ಎಷ್ಟು ಚಿಕ್ಕ ನೆಪ ಅನ್ನುವುದು ಕಾಣುತ್ತದೆ.

ನಮ್ಮ ಕಡೆಯವರದೂ ಒಂದು ಚಟವಿದೆ, ಅದನ್ನೂ ಹೇಳಿಬಿಡಬೇಕು. ಮೊಟ್ಟೆಯ ಪರ ಮಾತಾಡುವ ಹುರುಪಿನಲ್ಲಿ ಸೊಪ್ಪುಸಾರಿನವರನ್ನು ‘ಪುಳಿಚಾರು’ ಎಂದು ಚುಡಾಯಿಸುವುದು. ಮೀನು ಮಾಂಸ ಮುಟ್ಟದ ಮನೆಯಲ್ಲಿ ಹುಟ್ಟಿದ್ದು ಮಗುವಿನ ತಪ್ಪಲ್ಲ. ಅದರ ತಟ್ಟೆಗೂ ಅಷ್ಟೇ ಮರ್ಯಾದೆ ಸಲ್ಲಬೇಕು.

ಸರ್ಕಾರಕ್ಕೆ ನನ್ನ ಒತ್ತಾಯ ಒಂದೇ: ಆ ‘ಮೊ’–‘ಬಾ’ ಪಟ್ಟಿ ಹರಿದುಹಾಕಿ. ಇವತ್ತು ಎಷ್ಟು ಮೊಟ್ಟೆ, ಎಷ್ಟು ಹಣ್ಣು ಬೇಕೆಂದು ಬೆಳಿಗ್ಗೆ ಕೈ ಎತ್ತಿಸಿ ಎಣಿಸಿದರೆ ಸಾಕು, ಹೆಸರು ಯಾಕೆ? ಎರಡೂ ಬುಟ್ಟಿ ಒಂದೇ ಕಡೆ ಇಡಿ, ಒಂದೇ ಸಾಲಿನಲ್ಲಿ ಕೂರಿಸಿ. ‘ನಮ್ಮ ಮಗ ಮೊಟ್ಟೆಯ ಬುಟ್ಟಿಗೆ ಕೈ ಹಾಕಿದರೆ?’ ಅಂತ ಕೇಳುವ ಅಪ್ಪ ಅಮ್ಮಂದಿರು ಮನೆಯಲ್ಲೇ ಬುದ್ಧಿ ಹೇಳಿ ಕಳಿಸಲಿ. ಮನೆಯ ನೇಮ ಕಾಯುವ ಪೊಲೀಸ್ ಕೆಲಸ ಮೇಷ್ಟರದ್ದಲ್ಲ.

ಊಟ ಮುಗಿದು ಮಕ್ಕಳು ನಲ್ಲಿಯ ಹತ್ತಿರ ತಟ್ಟೆ ತೊಳೆಯುತ್ತಿದ್ದರು. ಬೇವಿನ ಮರದ ಹಿಂದೆ ಇಬ್ಬರು ಹುಡುಗರು ನಿಂತಿದ್ದರು. ಒಬ್ಬನ ಕೈಯಲ್ಲಿ ಗೆಳೆಯ ಕೊಟ್ಟ ಅರ್ಧ ಬಾಳೆಹಣ್ಣು, ಇನ್ನೊಬ್ಬನ ಬಾಯಲ್ಲಿ ಅರ್ಧ ತತ್ತಿ. ನನ್ನನ್ನು ಕಂಡದ್ದೇ ಬಾಯಿ ತುಂಬಿದವನು ಗಬಕ್ಕನೆ ನುಂಗಿ, ಅಂಗಿಯ ತೋಳಿನಿಂದ ತುಟಿ ಒರೆಸಿಕೊಂಡ. “ಮನ್ಯಾಗ ಹೇಳಬ್ಯಾಡ್ರಿ ಸರ,” ಅಂದ.