ಮುಳ್ಳುತಂತಿಯೊಳಗಿನ ಮತಪೆಟ್ಟಿಗೆ

ನನ್ನ ಮಿತ್ರರೊಬ್ಬರು ಬಹುಕಾಲ ಹೈಸ್ಕೂಲಿನಲ್ಲಿ ಪಾಠ ಹೇಳಿ, ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಈಚೆಗೆ ಒಂದು ಸಂಜೆ ಮನೆಗೆ ಬಂದಿದ್ದಾಗ, ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದ ಹೈಸ್ಕೂಲೊಂದರ ವಾರ್ಷಿಕ ಸಂಚಿಕೆಯ ಪ್ರತಿ ನನ್ನ ಮೇಜಿನ ಮೇಲಿದ್ದುದನ್ನು ಕಂಡು ಪುಟ ತಿರುವುತ್ತ ಕುಳಿತರು. ವಿದ್ಯಾರ್ಥಿ ಸಂಘದ ಪದಾಧಿಕಾರಿಗಳು, ಉಪಾಧ್ಯಾಯವರ್ಗ, ಆಟದ ತಂಡಗಳು, ಅಂತಿಮ ವರ್ಷದ ಬಾಲಕ ಬಾಲಕಿಯರ ಮುಖಗಳು, ಎಲ್ಲವೂ ಯಾವ ಶಾಲೆಯ ಸಂಚಿಕೆಯಲ್ಲಾದರೂ ಇರತಕ್ಕವೇ. ಈ ಶಾಲೆ ಇದ್ದದ್ದು ಮಾಂಜನಾರ್ ಎಂಬ ಬಂದೀಶಿಬಿರದ ಒಳಗೆ, ಸುತ್ತಲೂ ಮುಳ್ಳುತಂತಿಯೂ ಕಾವಲುಗೋಪುರಗಳೂ ಇದ್ದವು ಎಂದು ನಾನು ತಿಳಿಸಿದಾಗ ಅವರು ಕನ್ನಡಕ ತೆಗೆದು ನಕ್ಕರು. "ಸೆರೆಯಲ್ಲಿ ಇಟ್ಟ ಮಕ್ಕಳಿಗೆ ಚುನಾವಣೆ ಬೇರೆ! ಬೊಂಬೆಯ ಮದುವೆಗೆ ಓಲಗ ಊದಿಸಿದ ಹಾಗಾಯಿತು" ಎಂದರು.

ಅವರು ಹೇಳಿದ್ದು ಹಗುರವಾದ ಮಾತಲ್ಲ. ಆದರೂ ತಪ್ಪು ಮಾತು ಎಂದು ನನಗೆ ಆಗಲೂ ತೋರಿತು, ಈಗಲೂ ತೋರುತ್ತಿದೆ.

1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ 9066ನೆಯ ಆಜ್ಞೆಯ ಬಲದಿಂದ, ಅಮೆರಿಕದ ಪಶ್ಚಿಮ ತೀರದ ಜಪಾನೀ ಮೂಲದ ಸುಮಾರು 1,20,000 ಜನರನ್ನು ಮನೆಮಠಗಳಿಂದ ಎಬ್ಬಿಸಿ, ಮರುಭೂಮಿಗಳಲ್ಲಿಯೂ ಜೌಗುನೆಲದಲ್ಲಿಯೂ ಕಟ್ಟಿದ ಹತ್ತು ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದಲ್ಲಿಯೇ ಹುಟ್ಟಿ, ಹುಟ್ಟಿನಿಂದಲೇ ಆ ದೇಶದ ಪೌರರಾದವರು. ಅವರಲ್ಲಿ ಶಾಲೆಗೆ ಹೋಗುವ ಮಕ್ಕಳ ಸಂಖ್ಯೆ ಬಹು ದೊಡ್ಡದು. ವಿಚಾರಣೆಯಿಲ್ಲದೆ ಸೆರೆಯಲ್ಲಿಟ್ಟ ಸರ್ಕಾರವು ಅದೇ ಕೈಯಿಂದ ಈ ಮಕ್ಕಳಿಗೆ ಶಾಲೆ ತೆರೆಯಿತು. ಅದೂ ಅಂತಿಂಥ ಶಾಲೆಯಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪಾಲ್ ಹ್ಯಾನ ಎಂಬ ಪ್ರಾಧ್ಯಾಪಕರು 1942ರ ಬೇಸಗೆಯಲ್ಲಿ ತಮ್ಮ ವಿದ್ಯಾರ್ಥಿಗಳೊಡನೆ ಕುಳಿತು, ಶಿಬಿರದ ಜೀವನವೇ ಪಾಠವಾಗಬೇಕೆಂಬ 'ಸಮುದಾಯ ಶಾಲೆ'ಯ ಯೋಜನೆಯೊಂದನ್ನು ರಚಿಸಿಕೊಟ್ಟರು. ಪ್ರಜಾಪ್ರಭುತ್ವವನ್ನು ಪುಸ್ತಕದಿಂದ ಕಲಿಸಲಾಗದು, ಬಾಳಿ ಕಲಿಯಬೇಕು ಎಂಬುದು ಜಾನ್ ಡ್ಯೂಯಿಯ ಕಾಲದಿಂದ ಅಲ್ಲಿನ ಶಿಕ್ಷಣತಜ್ಞರ ವೇದವಾಕ್ಯ. ಹೊನೊಲುಲುವಿನ ಮೆಕಿನ್ಲಿ ಹೈಸ್ಕೂಲಿನಲ್ಲಿ ಈ ತತ್ತ್ವವನ್ನು ವರ್ಷಗಟ್ಟಲೆ ಆಚರಣೆಗೆ ತಂದಿದ್ದ ಮೈಲ್ಸ್ ಕೇರಿ ಎಂಬ ಮುಖ್ಯೋಪಾಧ್ಯಾಯರು ಅರಿಜೋನದ ಪೋಸ್ಟನ್ ಶಿಬಿರದ ಶಾಲೆಗಳನ್ನು ನಡೆಸಲು ಸಮುದ್ರ ದಾಟಿ ಬಂದರು. ಮೆಕಿನ್ಲಿಯಲ್ಲಿ ಓದಿದ ಹೈರಮ್ ಫಾಂಗ್, ಡೇನಿಯಲ್ ಇನೋಯೆ ಇಬ್ಬರೂ ಸೆನೆಟರುಗಳಾದರು, ಆದುದರಿಂದ ಪದ್ಧತಿ ಸರಿ ಎನ್ನುವವರ ವಾದವನ್ನು ನಾನು ಬಳಸುವುದಿಲ್ಲ. ಮರದ ಗುಣವನ್ನು ಎರಡು ಹಣ್ಣಿನಿಂದ ಅಳೆಯುವವರಿಗೆ ಉದುರಿದ ಹೀಚುಗಳು ಕಾಣುವುದಿಲ್ಲ.

ಯೋಜನೆ ಹೇಗೋ ಇರಲಿ, ಶಾಲೆಯ ದಿನಚರಿ ಬೇರೆಯೇ ಇತ್ತು. ಮರದ ಹಲಗೆಗಳ ಮೇಲೆ ಟಾರು ಕಾಗದ ಹೊದಿಸಿದ ಬರಾಕುಗಳು. ಮೊದಮೊದಲು ಕುಳಿತುಕೊಳ್ಳಲು ಬೆಂಚುಗಳಿಲ್ಲ, ನೆಲವೇ ಆಸನ. ಸಂದುಗಳಿಂದ ಒಳನುಗ್ಗುವ ಮರಳುಧೂಳು. ಬೇರೆ ಶಾಲೆಗಳು ಬಿಸುಟ ಹಳೆಯ ಪುಸ್ತಕಗಳು. ಬಿಳಿಯ ಉಪಾಧ್ಯಾಯರಲ್ಲಿ ಕೆಲವರು ಧರ್ಮಬುದ್ಧಿಯಿಂದ ಬಂದವರು, ಕೆಲವರು ಸಂಬಳಕ್ಕಾಗಿ ಬಂದವರು, ಹಲವರು ಬಂದಷ್ಟೇ ಬೇಗ ಬಿಟ್ಟುಹೋದವರು. ಅವರ ಜಾಗವನ್ನು ತುಂಬಿದವರು ಬಂದಿಗಳೊಳಗಿನ ಪದವೀಧರರು. ಒಂದೇ ಕೊಠಡಿಯಲ್ಲಿ ಒಂದೇ ಪಾಠ ಹೇಳಿದರೂ, ಬಂದಿಯಾದ ಉಪಾಧ್ಯಾಯನಿಗೆ ತಿಂಗಳಿಗೆ ಹೆಚ್ಚೆಂದರೆ 19 ಡಾಲರು, ಹೊರಗಿನಿಂದ ಬಂದವರಿಗೆ ಅದರ ಎಷ್ಟೋ ಪಾಲು ಮಿಗಿಲು. ಸಮಾನತೆಯ ಅಧ್ಯಾಯವನ್ನು ಆ ಹತ್ತೊಂಬತ್ತು ಡಾಲರಿನ ಮೇಷ್ಟರು ಯಾವ ಮುಖ ಹೊತ್ತು ವಿವರಿಸಿದರೋ! ಟೋಪಾಜ್ ಶಿಬಿರದಲ್ಲಿ ಸಮಾಜಪಾಠಗಳನ್ನು ಕಲಿಸಿದ ಎಲಿನರ್ ಗೆರಾರ್ಡ್ ಎಂಬ ಉಪಾಧ್ಯಾಯಿನಿ, ತಂತಿಬೇಲಿಯ ಒಳಗಿರುವ ಮಕ್ಕಳಿಗೆ ಅಮೆರಿಕದ ರಾಜ್ಯಾಂಗವನ್ನು ಹೇಗೆ ಬೋಧಿಸುವುದೆಂಬ ಈ ತೊಡಕನ್ನೇ ಮುಂದೆ ತಮ್ಮ ನೆನಪಿನ ಬರಹದಲ್ಲಿ ಎತ್ತಿದ್ದಾರೆ.

ಇದಕ್ಕಿಂತ ವಿಚಿತ್ರವಾದ ಸಂಗತಿ ಮನೆಯೊಳಗಿತ್ತು. ಆ ಮಕ್ಕಳ ತಂದೆತಾಯಿಗಳು ಜಪಾನಿನಿಂದ ವಲಸೆ ಬಂದವರು. ಮೂವತ್ತು ನಲವತ್ತು ವರ್ಷ ಅಲ್ಲಿ ದುಡಿದಿದ್ದರೂ ಪೌರತ್ವ ಪಡೆಯಲು ಕಾನೂನು ಅವರಿಗೆ ಅವಕಾಶ ಕೊಟ್ಟಿರಲಿಲ್ಲ. 1922ರಲ್ಲಿ ಓಜಾವ ಎಂಬಾತನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಬಾಗಿಲನ್ನು ಮುಚ್ಚಿ, ಕೆಲವೇ ತಿಂಗಳುಗಳಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ನಮ್ಮವನೊಬ್ಬನಿಗೂ ಅದೇ ಉತ್ತರ ಕೊಟ್ಟಿತು. ಓಜಾವನಿಗೆ ಕೊಟ್ಟ ಕಾರಣ ಆತ 'ಕಕೇಷಿಯನ್' ಕುಲದವನಲ್ಲವೆಂದು. ಹಾಗಾದರೆ ನಾನು ಆ ಕುಲದವನೇ ಎಂದು ಥಿಂಡ್ ಪಂಡಿತರ ಗ್ರಂಥಗಳನ್ನು ಮುಂದಿಟ್ಟಾಗ, ಪಂಡಿತರ ಮಾತು ಬೇಡ, ಜನಸಾಮಾನ್ಯರು ಯಾರನ್ನು ಬಿಳಿಯರೆನ್ನುವರೋ ಅವರೇ ಬಿಳಿಯರು ಎಂದು ಅದೇ ನ್ಯಾಯಾಲಯ ತಿರುಗಿಬಿದ್ದಿತು. ತರ್ಕಶಾಸ್ತ್ರದ ವಿದ್ಯಾರ್ಥಿಗಳು ಈ ಎರಡು ತೀರ್ಪುಗಳನ್ನು ಒಟ್ಟಿಗೆ ಓದಿದರೆ ಒಳ್ಳೆಯ ವಿನೋದ. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ, ಜಪಾನೀಯರಿಗೆ 1952ರಲ್ಲಿ. ಶಿಬಿರದ ಆಡಳಿತವೂ ಇದೇ ಹಾದಿಯನ್ನು ಹಿಡಿದು, ಮೊದಲಲ್ಲಿ ವಲಸೆ ಬಂದ ಹಿರಿಯರು ಶಿಬಿರದ ಪಂಚಾಯತಿಯಲ್ಲಿ ಚುನಾಯಿತ ಸ್ಥಾನಕ್ಕೆ ನಿಲ್ಲಕೂಡದೆಂದು ವಿಧಿಸಿತು. 1943ರಲ್ಲಿ ಆ ನಿರ್ಬಂಧ ಸಡಿಲಿತು. ಅದುವರೆಗೆ ಐವತ್ತೈದು ವರ್ಷದ ಯಜಮಾನ ಯಾವ ಚುನಾಯಿತ ಅಧಿಕಾರಕ್ಕೂ ಅಯೋಗ್ಯ. ಅವನ ಹದಿನಾರು ವರ್ಷದ ಮಗಳು ಶಾಲೆಯ ವಿದ್ಯಾರ್ಥಿ ಸಂಘಕ್ಕೆ ಅಧ್ಯಕ್ಷೆಯಾಗಬಲ್ಲಳು. ಸಾಮೂಹಿಕ ಭೋಜನಶಾಲೆಯಲ್ಲಿ ಅಪ್ಪ ಒಂದು ಮೇಜಿಗೆ, ಮಕ್ಕಳು ಗೆಳೆಯರೊಡನೆ ಇನ್ನೊಂದು ಮೇಜಿಗೆ ಕುಳಿತ ಆ ದಿನಗಳಲ್ಲಿ ಗೃಹದ ಯಾಜಮಾನ್ಯವೇ ಕುಸಿದಿತ್ತು.

ಈಗ ಮಿತ್ರರ ವಾದಕ್ಕೆ ಬರೋಣ. ಅವರು ಮುಖ್ಯೋಪಾಧ್ಯಾಯರಾಗಿದ್ದವರಾದುದರಿಂದ ಒಳಗುಟ್ಟು ಬಲ್ಲರು. ವಿದ್ಯಾರ್ಥಿ ಸಂಘಕ್ಕೆ ಶಾಲೆ ಬಿಟ್ಟುಕೊಡುವುದು ತನಗೆ ಬೇಡವಾದ ಕೆಲಸಗಳನ್ನು ಎಂಬುದು ಅವರ ಮಾತು: ನೃತ್ಯಕೂಟದ ಏರ್ಪಾಡು, ಗಲಾಟೆ ಮಾಡುವವರ ಮೇಲೆ ಕಣ್ಣು, ಚಂದಾ ವಸೂಲಿ. ಯುದ್ಧಕಾಲದಲ್ಲಿ ಇದರ ಜೊತೆಗೆ ಯುದ್ಧದ ಸ್ಟಾಂಪುಗಳ ಮಾರಾಟ, ಗುಜರಿ ಲೋಹದ ಸಂಗ್ರಹಣೆ. ಬೇಲಿಯ ಹೊರಗಿನ ಶಾಲೆಗಳಲ್ಲಿಯೂ ಇದೇ ಕಥೆ. 1942ರ ನವೆಂಬರಿನಲ್ಲಿ ಹದಿನೆಂಟು ತುಂಬಿದವನನ್ನು ಸೈನ್ಯಕ್ಕೆ ಕರೆಯುವ ಕಾನೂನಾಯಿತು. ಮತ ಹಾಕಲು ಮಾತ್ರ, ಮರುವರ್ಷ ವಯಸ್ಸು ಇಳಿಸಿದ ಜಾರ್ಜಿಯವೊಂದನ್ನು ಬಿಟ್ಟರೆ, ಇಪ್ಪತ್ತೊಂದು ತುಂಬಬೇಕಾಗಿತ್ತು. ಪ್ರಾಣ ಕೊಡಲು ಅರ್ಹನಾದವನಿಗೆ ಅಭಿಪ್ರಾಯ ಕೊಡಲು ಸಿಕ್ಕಿದ್ದು ಶಾಲೆಯ ಪುಟ್ಟ ಮತಪೆಟ್ಟಿಗೆ ಒಂದೇ. ಇನ್ನು ಶಿಬಿರದಲ್ಲಿ? 1942ರ ಡಿಸೆಂಬರ್ 6ರಂದು ಮಾಂಜನಾರಿನಲ್ಲಿ ಜನಸಮೂಹದ ಮೇಲೆ ಸೈನಿಕರು ಗುಂಡು ಹಾರಿಸಿದಾಗ ಸತ್ತ ಇಬ್ಬರಲ್ಲಿ ಒಬ್ಬ ಹದಿನೇಳರ ಹುಡುಗ. ಶಾಲೆಗಳು ಮುಚ್ಚಿ ಜನವರಿಯಲ್ಲಿ ತೆರೆದುವು. ಅವನನ್ನು ಕುರಿತು ಪ್ರಶ್ನೆ ಕೇಳುವ ಅಧಿಕಾರ ಯಾವ ವಿದ್ಯಾರ್ಥಿ ಸಂಘಕ್ಕಿತ್ತು? ಹಾಗಿದ್ದಮೇಲೆ ಆ ಸಂಘ ಅನ್ಯಾಯದ ಮೇಲೆ ಬಳಿದ ಸುಣ್ಣವಲ್ಲದೆ ಮತ್ತೇನು?

ಈ ವಾದದ ಮುಂದೆ ನಾನು ತಲೆ ಬಾಗುತ್ತೇನೆ; ಅದರಲ್ಲಿ ಹೇಳಿದ ಪ್ರತಿಯೊಂದು ಸಂಗತಿಯೂ ನಿಜ. ಆದರೆ ಮಿತ್ರರು ಕೊಟ್ಟ ಉಪಮಾನವನ್ನೇ ಇನ್ನಷ್ಟು ದೂರ ನಡೆಸಿ ನೋಡಬೇಕು. ಬೊಂಬೆಯ ಮದುವೆಯಲ್ಲಿ ಯಾರಿಗೂ ಮದುವೆಯಾಗುವುದಿಲ್ಲ, ಸರಿ. ಆದರೆ ಹತ್ತು ಸಲ ಬೊಂಬೆಗೆ ಧಾರೆ ಎರೆಸಿದ ಹುಡುಗಿಗೆ ಧಾರೆಯ ಕ್ರಮ ಮನಸ್ಸಿನಲ್ಲಿ ನಿಂತಿರುತ್ತದೆ. ಮುಂದೆ ತನ್ನ ಮದುವೆಯಲ್ಲಿ ಪುರೋಹಿತ ಮಂತ್ರ ನುಂಗಿದರೆ ಅವಳಿಗೆ ಗೊತ್ತಾಗಿಬಿಡುತ್ತದೆ. ವಿದ್ಯಾರ್ಥಿ ಸಂಘ ಅಧಿಕಾರವನ್ನು ಕೊಡುವುದಿಲ್ಲ; ನಿಯಮ ಎಂದರೇನೆಂಬ ರೂಢಿಯನ್ನು ಕೊಡುತ್ತದೆ. ಸೂಚನೆ, ಅನುಮೋದನೆ, ಎದುರು ಪಕ್ಷದ ಮಾತು, ಅನಂತರ ನಿರ್ಣಯ ಎಂಬ ಅನುಕ್ರಮ ಮೈಗೂಡಿದ ಹದಿನಾರರ ಹುಡುಗನನ್ನು ಆರೋಪ ಹೇಳದೆ, ಅವನ ಮಾತು ಕೇಳದೆ, ಸೆರೆಗೆ ತಳ್ಳಿದ ಸರ್ಕಾರವು ತನ್ನ ವಿರುದ್ಧ ತಾನೇ ಸಾಕ್ಷಿಯನ್ನು ತರಬೇತು ಮಾಡಿ ನಿಲ್ಲಿಸಿದಂತಾಯಿತು.

ದೊಡ್ಡವರ ಲೋಕವೇ ಆಗ ಎಷ್ಟು ಇಬ್ಬಂದಿಯಾಗಿತ್ತೆಂದರೆ, 1943ರ ಜೂನ್ 14ರಂದು ಸರ್ವೋಚ್ಚ ನ್ಯಾಯಾಲಯವು, ಶಾಲೆಯ ಮಗುವನ್ನು ಧ್ವಜವಂದನೆಗೆ ಬಲಾತ್ಕರಿಸಕೂಡದೆಂದು, ಬಾರ್ನೆಟ್ ಮೊಕದ್ದಮೆಯಲ್ಲಿ, ಇಂದಿಗೂ ಗೌರವದಿಂದ ಓದಲ್ಪಡುವ ತೀರ್ಪನ್ನಿತ್ತಿತು. ಅದೇ ನ್ಯಾಯಾಲಯವು ಸರಿಯಾಗಿ ಒಂದು ವಾರದ ಮೇಲೆ, ಜೂನ್ 21ರಂದು, ಜಪಾನೀ ಮೂಲದವರಿಗೆ ಮಾತ್ರ ವಿಧಿಸಿದ ರಾತ್ರಿಯ ನಿರ್ಬಂಧ ಸಿಂಧುವೆಂದು, ಹಿರಬಯಾಶಿ ಮೊಕದ್ದಮೆಯಲ್ಲಿ ಏಕಕಂಠದಿಂದ ಸಾರಿತು. ಅದೇ ವರ್ಷದ ಫೆಬ್ರವರಿಯಲ್ಲಿ ಶಿಬಿರಗಳಲ್ಲಿ ಹದಿನೇಳು ತುಂಬಿದ ಪ್ರತಿಯೊಬ್ಬರ ಮುಂದೆ ನಿಷ್ಠೆಯ ಪ್ರಶ್ನಾವಳಿಯನ್ನಿಟ್ಟಿದ್ದರು. ಅಂದರೆ ಹೈಸ್ಕೂಲಿನ ಅಂತಿಮ ತರಗತಿಯವರಲ್ಲಿ ಅನೇಕರು, ಬೀಜಗಣಿತದ ಪರೀಕ್ಷೆಯ ನಡುವೆ, ಈ ಪರೀಕ್ಷೆಗೂ ಕುಳಿತರು.

ರೂಢಿಯ ಫಲ ಎಲ್ಲಿ ಕಂಡಿತೆಂದು ಕೇಳಿದರೆ, ನಾನು ವಯೋಮಿಂಗಿನ ಹಾರ್ಟ್ ಮೌಂಟನ್ ಶಿಬಿರವನ್ನು ತೋರಿಸುವೆ. 1944ರ ಜನವರಿಯಲ್ಲಿ ಬಂದಿಗಳ ಮಕ್ಕಳನ್ನೂ ಕಡ್ಡಾಯ ಸೈನ್ಯಸೇವೆಗೆ ಕರೆಯಲಾರಂಭಿಸಿದಾಗ, ಅಲ್ಲಿನ ಕೆಲವರು ಸಭೆ ಸೇರಿ, ಚಂದಾ ಎತ್ತಿ, ಕರಪತ್ರ ಹೊರಡಿಸಿ, ಮೊದಲು ನಮ್ಮ ಪೌರತ್ವದ ಹಕ್ಕುಗಳನ್ನು ಸ್ಪಷ್ಟಪಡಿಸಿರಿ, ಅನಂತರ ಕರೆಯಿರಿ ಎಂದರು. ತಮ್ಮ ಸಂಘಕ್ಕೆ ಅವರಿಟ್ಟ ಹೆಸರು 'ಫೇರ್ ಪ್ಲೇ ಕಮಿಟಿ'. ಅದು ಕ್ರಾಂತಿಕಾರರ ಶಬ್ದಕೋಶದ ಮಾತಲ್ಲ. ಆಟದ ಬಯಲಿನ ಮಾತು, ಕ್ರೀಡಾಶಿಕ್ಷಕ ಸೀಟಿ ಊದಿ ಹೇಳುವ ಮಾತು. ಅಮೆರಿಕದ ಶಾಲೆಗಳಲ್ಲಿ ಕಲಿತ ತರುಣರು ಅಮೆರಿಕದ ಸರ್ಕಾರವನ್ನು ಆ ಶಾಲೆಗಳ ಮಾತಿನಿಂದಲೇ ಕಟ್ಟಿಹಾಕಿದರು. 63 ಮಂದಿಗೆ ಮೂರು ಮೂರು ವರ್ಷ ಸೆರೆಯಾಯಿತು. 1947ರ ಡಿಸೆಂಬರಿನಲ್ಲಿ ಅಧ್ಯಕ್ಷ ಟ್ರೂಮನ್ ಕ್ಷಮಾದಾನ ಕೊಟ್ಟರು. ಅವರ ಹಾದಿಗಿಂತ ಭಿನ್ನವಾಗಿ ಕರೆಗೆ ಓಗೊಟ್ಟು ಜಪಾನೀ ಮೂಲದ ಸೈನಿಕರ 442ನೆಯ ದಳದಲ್ಲಿ ಹೋರಾಡಿದವರೂ ಕಡಮೆಯವರಲ್ಲ. ಆದರೆ ತಾವು ಕೊಡುವುದರ ಬೆಲೆ ಎಷ್ಟೆಂಬುದು ಎರಡು ಪಕ್ಷದವರಿಗೂ ತಿಳಿದಿತ್ತು.

ನನಗೆ ಕೋಪ ಬರುವುದು ಮಿತ್ರರ ಮೇಲಲ್ಲ. ಇದೇ ಸಂಚಿಕೆಗಳನ್ನು ಹಿಡಿದು, ನೋಡಿ, ನಗುತ್ತಿದ್ದಾರೆ, ಚುನಾವಣೆ ನಡೆಸಿದ್ದಾರೆ, ಶಿಬಿರ ಅಷ್ಟೇನೂ ಕೆಟ್ಟದಿರಲಿಲ್ಲ ಎನ್ನುವವರ ಮೇಲೆ. ಮಕ್ಕಳು ನಗುವುದನ್ನು ಸೆರೆಮನೆಯವನ ಲೆಕ್ಕಕ್ಕೆ ಜಮಾ ಮಾಡುವ ಈ ಜನ, ಕಲ್ಲಿನ ಸಂದಿನಲ್ಲಿ ಹುಲ್ಲು ಬೆಳೆದರೆ ಕಲ್ಲು ಫಲವತ್ತೆಂದು ಕಂದಾಯ ಹಾಕುವ ಶ್ಯಾನುಭೋಗರು.

ಮಿತ್ರರಿಗೆ ಇಷ್ಟೆಲ್ಲ ಹೇಳಿದ ಮೇಲೆ, 1945ರಲ್ಲಿ ಹೊರಬಂದ ಮಾಂಜನಾರಿನ ಕೊನೆಯ ಸಂಚಿಕೆಯನ್ನು ತೋರಿಸಿದೆ. ಅದಕ್ಕೆ 'ವ್ಯಾಲಿಡಿಕ್ಷನ್', ಎಂದರೆ ವಿದಾಯ, ಎಂದು ಹೆಸರು. ಅದರಲ್ಲಿ ಟೋಯೊ ಮಿಯಟಾಕೆ ತೆಗೆದ ಒಂದು ಛಾಯಾಚಿತ್ರವಿದೆ. ಆತ ಶಿಬಿರದೊಳಗೆ ಮಸೂರವನ್ನು ಬಚ್ಚಿಟ್ಟು ತಂದು ಮರದ ಪೆಟ್ಟಿಗೆಯಲ್ಲಿ ಕ್ಯಾಮರಾ ಕಟ್ಟಿಕೊಂಡಿದ್ದ ಬಂದಿ. ಚಿತ್ರದಲ್ಲಿ ಮುಖವಿಲ್ಲ. ಒಂದು ಎಳೆಯ ಕೈ, ಕೈಯಲ್ಲಿ ತಂತಿ ಕತ್ತರಿಸುವ ಇಕ್ಕಳ, ಇಕ್ಕಳದ ಬಾಯಿಯಲ್ಲಿ ಮುಳ್ಳುತಂತಿ. ಮಿತ್ರರು ಅದನ್ನು ಬಹಳ ಹೊತ್ತು ನೋಡಿದರು. ನನ್ನ ವಾದವನ್ನು ಒಪ್ಪಿದರೋ ಇಲ್ಲವೋ ಹೇಳಲಿಲ್ಲ.

"ಇದನ್ನು ಅಚ್ಚಿಗೆ ಬಿಟ್ಟ ಹೆಡ್‌ಮಾಸ್ತರು ಯಾರು?" ಎಂದು ಕೇಳಿದರು.